ಕೆಂಪು ಬ್ರೇಕ್ ಆಯಿಲ್

ಆದೋನ್ಯಾಗ ಯಾರನ್ನ ಬೇಕಾದ್ರೂ ಕೇಳ್ರಿ, ಬ್ರೇಕ್ ಅಂದ್ರ ಉಚ್ಚೀರಪ್ಪ. ಮೂವತ್ತೆರಡು ವರ್ಷ ಆತು ಈ ಕಸಬು ಹಿಡದು. ಟ್ರಾಕ್ಟರು, ಲಾರಿ, ಜೀಪು, ಎಲ್ಲಾವೂ ನನ್ನ ಅಂಗಡಿ ಮುಂದ ನಿಂತು ಹೋಗ್ಯಾವ. ಬ್ರೇಕ್ ಆಯಿಲ್ ಅಸಲೋ ನಕಲಿಯೋ ಅಂತ ನಾನು ಡಬ್ಬಿ ಮ್ಯಾಲಿನ ಅಕ್ಷರ ಓದಿ ಹೇಳೋನಲ್ಲ. ಬೆರಳಿಗೆ ಒಂದು ಹನಿ ತಗೊಂಡು ನಾಲಗಿ ತುದಿಗೆ ಹಚ್ಚತೀನಿ. ಮೊದಲು ಸಣ್ಣಗ ಸಿಹಿ ಬಂದು ಆಮ್ಯಾಲ ಕಹಿ ಬಂದ್ರ ಅಸಲು. ಎಮ್ಮಿಗನೂರಿನ ನನ್ನ ಗುರು ಹೇಳಿಕೊಟ್ಟಿದ್ದು ಹಂಗ. ಉಗುಳಿ ಬಾಯಿ ತೊಳ್ಕೊಂಡ್ರ ಆತು. ಇದನ್ನ ಮೊದಲೇ ಹೇಳಿ ಇಡ್ತೀನಿ, ಯಾಕಂದ್ರ ಜನ ನನ್ನ ಬಗ್ಗಿ ಏನೇನೋ ಮಾತಾಡ್ತಾರ. ಮಾತಾಡ್ಲಿ. ಕಸಬು ಬರಲ್ಲ ಅಂತ ಮಾತ್ರ ಯಾವ ಮಗನೂ ಅನ್ನಬಾರದು.

ಹತ್ತಿ ಸಾವ್ಕಾರ ಬಸವಪ್ರಸಾದ್ ಅದಾರಲ್ಲ, ಎಮ್ಮಿಗನೂರು ರೋಡಿನಾಗ ಅವರದೊಂದು ಹಳೇ ಹತ್ತಿ ಮಿಲ್ಲು. ಮಷೀನು ನಿಂತು ಎಷ್ಟೋ ವರ್ಷ ಆಗಿತ್ತು. ಅದರ ಗೋಡೌನಿನಾಗ ಆ ಮನುಷ್ಯ ವಿಮಾನ ಕಟ್ಟಾಕ ಕುಂತ. ನಗಬ್ಯಾಡ್ರಿ, ಖರೇನೇ ವಿಮಾನ. ಇಬ್ರು ಕೂಡೋ ಅಷ್ಟು ಸಣ್ಣದು. ಫಾರಿನ್ನಿಂದ ಪೆಟ್ಟಿಗಿ ಪೆಟ್ಟಿಗಿ ಸಾಮಾನು ಬಂತು, ಬುಕ್ಕು ನೋಡಿ ನೋಡಿ ನಾವೇ ಜೋಡಿಸಬೇಕು. ಹಾರಾಕ ಸರ್ಕಾರದ ಕಾಗದ ಬೇಕು, ಅದು ಬರೋತನಕ ನೆಲದ ಮ್ಯಾಲ ಓಡಿಸಿ ನೋಡಾಕ ಅಡ್ಡಿ ಇಲ್ಲ ಅಂದ್ರು. ಗೋಡೌನಿನ ಹಿಂದಿನ ಹೊಲದಾಗ ಗರಸು ಹಾಕಿ, ರೋಲರ್ ಓಡಿಸಿ, ಉದ್ದಕ ಒಂದು ದಾರಿ ಮಾಡಿಸಿದ್ರು. ಗಾಲಿಗೂ ಬ್ರೇಕಿಗೂ ನನ್ನ ಕರದ್ರು. ಬ್ಯಾರೆ ಯಾರನ್ನ ಕರೀತಾರ?

ನಾನು ಹೋಗುವಾಗ ನನ್ನ ಮಗಳು ಭಾಗ್ಯನ್ನೂ ಕರ್ಕೊಂಡು ಹೋದೆ. ಪಾಲಿಟೆಕ್ನಿಕ್ ಮುಗಿಸಿ ಮನ್ಯಾಗ ಕುಂತಿದ್ಲು. ಬುಕ್ಕು ಇಂಗ್ಲಿಷ್‌ನಾಗ ಇತ್ತು, ಓದಿ ಹೇಳಾಕ ಒಬ್ರು ಬೇಕಿತ್ತು, ಅಷ್ಟೇ. ಆಕಿ ಅಲ್ಲಿ ಕಾಲಿಟ್ಟಿದ್ದೇ ತಡ, ಊಟ ನಿದ್ದಿ ಮರತಳು. ಯಾವ ಬೋಲ್ಟು ಯಾವತ್ತು ಬಿಗಿ ಮಾಡಿದ್ವಿ, ಎಷ್ಟು ಬಿಗಿ ಮಾಡಿದ್ವಿ, ಎಲ್ಲಾ ಒಂದು ನೋಟ್‌ಬುಕ್ಕಿನಾಗ ಬರದು ಇಡ್ತಿದ್ಲು. ಎರಡು ವರ್ಷ ಆದ ಮ್ಯಾಲ ಸಾವ್ಕಾರ್ರು ಒಂದಿನ ಎಲ್ಲರ ಮುಂದ ಅಂದ್ರು, "ನೋಡವ್ವ ಭಾಗ್ಯ, ಈ ವಿಮಾನ ನೆಲದ ಮ್ಯಾಲ ಒಂದು ಸಲ ಸೀದಾ ಓಡ್ಲಿ. ಹೈದರಾಬಾದಿನಾಗ ವಿಮಾನ ರಿಪೇರಿ ಕಲಿಸೋ ಶಾಲಿ ಐತಿ, ಅಲ್ಲಿ ನಮ್ಮೋರು ಅದಾರ. ಕಾಗದ ಬರ್ದು ಕೊಡ್ತೀನಿ. ಹಾಸ್ಟೆಲ್ಲು ಗೀಸ್ಟೆಲ್ಲು ಎಲ್ಲಾ ನಂದು." ಆಕಿ ಮಾರಿ ನೋಡಬೇಕಿತ್ತು. ಅವತ್ತಿಂದ ಆಕಿಗೆ ಬ್ಯಾರೆ ಮಾತೇ ಇಲ್ಲ, ಹೈದರಾಬಾದು ಹೈದರಾಬಾದು. ನಾನೂ ಖುಷಿ ಪಟ್ಟೆ. ಪಟ್ಟೆ ಅಂತ ಅಂದ್ಕೊಂಡಿದ್ದೆ.

ಆಮ್ಯಾಲ ಇಂಜಿನ್ ಆಯಿಲ್ ಹಾಕೋ ದಿನ ಬಂತು. ಸಾವ್ಕಾರ್ರು ತಮ್ಮ ದೊಡ್ಡ ಕಾರಿಗೆ ಹಾಕೋ ಬಾಳ ಬೆಲಿ ಆಯಿಲ್ ತಂದಿದ್ರು. ನಾನು ಬೆರಳಾಗ ಉಜ್ಜಿ ನೋಡಿ, "ಬೆಣ್ಣಿ ಬೆಣ್ಣಿ ಐತಿ, ಕಣ್ಣು ಮುಚ್ಚಿ ಹಾಕ್ರಿ" ಅಂದೆ.

"ಬ್ಯಾಡ ಸರ್" ಅಂದ್ಲು ಭಾಗ್ಯ. "ಈ ಇಂಜಿನ್ನಿನಾಗ ಗೇರು, ಕ್ಲಚ್ಚು ಎಲ್ಲಾ ಒಂದೇ ಆಯಿಲ್ಲಿನಾಗ ಮುಳುಗಿರ್ತಾವ, ಬೈಕಿನಂಗ. ಕಾರಿನ ಆಯಿಲ್ ಬಾಳ ಜಾರತೈತಿ, ಕ್ಲಚ್ಚು ಹಿಡಿಯಲ್ಲ. ಬೈಕಿನ ಆಯಿಲ್ಲೇ ಬೇಕು."

ನಾನು ಹೊಟ್ಟಿ ಹಿಡ್ಕೊಂಡು ನಕ್ಕೆ. "ವಿಮಾನಕ್ಕ ಬೈಕಿನ ಆಯಿಲ್ಲಂತ! ನಾಳೆ ಸೈಕಲ್ ಪಂಪಿನಾಗ ಗಾಳಿ ಹೊಡೀರಿ ಅಂತಾಳ ನೋಡ್ರಿ!"

ಸಾವ್ಕಾರ್ರು ನಗಲಿಲ್ಲ. ಇಂಜಿನ್ ಕಳಿಸಿದೋರಿಗೆ ಅಲ್ಲೇ ನಿಂತು ಫೋನು ಹಚ್ಚಿದ್ರು. ಹುಡುಗಿ ಹೇಳಿದ್ದೇ ಬರೋಬ್ಬರಿ ಅಂತ ಅವರು ಹೇಳಿದ್ರು. ಆವಾಗ ನಕ್ಕರು ನೋಡ್ರಿ ಸಾವ್ಕಾರ್ರು, "ಏಮಯ್ಯಾ ಉಚ್ಚೀರಪ್ಪ, ನಾಳೆಯಿಂದ ಮಗಳ ಹತ್ರ ಟ್ಯೂಷನ್ನಿಗೆ ಹೋಗು!" ಗೋಡೌನ್ ಕಾಯೋ ಯರ್ರೆಪ್ಪನೂ ಹಲ್ಲು ಕಿಸದ. ಯರ್ರೆಪ್ಪ! ಗಾಲಿಗೂ ಹಾಲಿಗೂ ಫರಕು ಗೊತ್ತಿಲ್ಲದ ಮುದುಕ!

ಅಷ್ಟಕ್ಕ ಮುಗೀಲಿಲ್ಲ. ಆ ಇಂಜಿನ್ನಿನ ಆಯಿಲ್ ಬ್ಯಾರೆ ಟ್ಯಾಂಕಿನಾಗ ಇರತೈತಿ. ಎಷ್ಟು ಐತಿ ಅಂತ ಗೊತ್ತಾಗಬೇಕಂದ್ರ ಸ್ವಿಚ್ಚು ಬಂದ್ ಇಟ್ಟು, ಮುಂದಿನ ಫ್ಯಾನು ಕೈಲೆ ತಿರುವಬೇಕು. ಟ್ಯಾಂಕು ಗುಡುಗುಡು ಅನ್ನೋತನಕ ತಿರುವಿ, ಆಮ್ಯಾಲ ಕಡ್ಡಿ ಅದ್ದಿ ನೋಡಬೇಕು. ಫ್ಯಾನು ತಿರುವಿದೋನು ನಾನು, ಕಡ್ಡಿ ಹಿಡದು ನಿಂತೋಳು ಆಕಿ. "ಇನ್ನೂ ತಿರುಗಿಸು ಅಪ್ಪ. ಇನ್ನೂ ಗುಡುಗುಡು ಅಂದಿಲ್ಲ. ಇನ್ನೂ." ಬೆವರು ಕಣ್ಣಾಗ ಇಳೀತಿತ್ತು. ಸುತ್ತ ಎಲ್ಲಾ ನಿಂತು ನೋಡ್ತಿದ್ರು. ಆಕಿ ಪಾಪ ಕೆಲಸದ ಮ್ಯಾಲ ಲಕ್ಷ್ಯ ಇಟ್ಟು ಅಂದಿದ್ದು, ನಂಗ ಗೊತ್ತು. ಆದ್ರ ಅವತ್ತು ನನ್ನ ಎದಿಯಾಗ ಬೆಂಕಿ ಬಿತ್ತು. ಹೊಟ್ಟಿಕಿಚ್ಚು ಅಂದ್ರ ಹೊಟ್ಟಿಕಿಚ್ಚೇ, ಬ್ಯಾರೆ ಹೆಸರು ಯಾಕ ಕೊಡ್ಲಿ? ಹೆತ್ತ ಮಗಳ ಮ್ಯಾಲ ಬರಬಾರದು ಅಂತಾರ. ಬಂತು, ಏನ್ ಮಾಡ್ಲಿ?

ಇನ್ನ ಬ್ರೇಕಿಗೆ ಬರ್ತೀನಿ. ಎರಡೂ ಗಾಲಿ ಬ್ರೇಕಿನ ಪೈಪಿನಾಗಿದ್ದ ಗಾಳಿ ತಗದ್ವಿ. ಎಡಗಡಿದು ಸರಿ ಆತು. ಬಲಗಡೆ ಆಯಿಲ್ ಕಮ್ಮಿ ಬಿತ್ತು. ಪೆಟ್ಟಿಗಿ ಜೋಡಿ ಬಂದಿದ್ದ ಸೀಸಿ ಖಾಲಿ, ಇನ್ನೊಂದು ಹೈದರಾಬಾದಿನಿಂದ ಬರಬೇಕು. ಆ ಆಯಿಲ್ ಕೆಂಪಗ ಇತ್ತು, ಕುಂಕುಮದ ನೀರಿನಂಗ. ಸೀಸಿ ತಳದಾಗ ಉಳಿದಿದ್ದ ಒಂದು ಹನಿ ತಗೊಂಡು ನಾಲಗಿಗೆ ಹಚ್ಚಿದೆ. ಥೂ! ಸಿಹಿ ಇಲ್ಲ, ಕಹಿ ಇಲ್ಲ, ಬರೇ ಸೀಮಿಎಣ್ಣಿ.

"ಇದು ಬ್ರೇಕ್ ಆಯಿಲ್ಲೇ ಅಲ್ಲ" ಅಂದೆ. "ಯಾವನೋ ಮೋಸ ಮಾಡ್ಯಾನ. ನನ್ನ ಡಬ್ಬಿ ತರ್ತೀನಿ, ಅದನ್ನೇ ಹಾಕೋಣ."

"ಬ್ಯಾಡ ಅಪ್ಪ" ಅಂದ್ಲು ಭಾಗ್ಯ. "ಇದರ ಜಾತೀನೇ ಬ್ಯಾರೆ. ಗಾಡಿ ಬ್ರೇಕ್ ಆಯಿಲ್ ಇದಕ್ಕ ಬಿದ್ರ ಒಳಗಿನ ರಬ್ಬರು ಉಬ್ಬತೈತಿ. ಬ್ರೇಕ್ ಹಿಡದಿದ್ದು ಬಿಡಂಗಿಲ್ಲ. ಸೀಸಿ ಬರ್ಲಿ, ಹತ್ತು ದಿನದ ಮಾತು."

ಮೊಸರಿನಾಗ ಕಲ್ಲು ಹುಡುಕೋದು ಅಂದ್ರ ಇದು. ಬ್ರೇಕ್ ಬಗ್ಗಿ ನಂಗ ಪಾಠ! ಕೈ ಎತ್ತಿ ಕೆನ್ನಿಗೆ ಒಂದು ಬಿಟ್ಟೆ. "ನಾನು ಈ ಆಯಿಲ್ಲಿನಾಗ ಕೈ ತೊಳದೇ ನಿಂಗ ಅನ್ನ ಹಾಕಿದ್ದು" ಅಂದೆ. ಆಕಿ ಅಳಲಿಲ್ಲ. ಹೋಗಿ ನೋಟ್‌ಬುಕ್ಕಿನಾಗ, ಬಲಗಡಿ ಬ್ರೇಕು, ಆಯಿಲ್ ಬಂದಿಲ್ಲ, ಅಂತ ಬರದು ಮುಚ್ಚಿ ಇಟ್ಲು.

ಮರುದಿನ ಮಧ್ಯಾಹ್ನ ಆಕಿ ಹೈದರಾಬಾದಿಗೆ ಬೇಕಾದ ಸರ್ಟಿಫಿಕೇಟು ಜೆರಾಕ್ಸ್ ಮಾಡಿಸಾಕ ಆದೋನಿ ಪ್ಯಾಟಿಗೆ ಹೋಗಿದ್ಲು. ನಾನು ನನ್ನ ಡಬ್ಬಿ ತಂದು ಬಲಗಡಿ ಬ್ರೇಕಿಗೆ ಹುಯ್ದೆ. ಪೆಡಲ್ ತುಳದು ನೋಡಿದೆ. ಕಲ್ಲು! ಬ್ರೇಕ್ ಅಂದ್ರ ಇದು. ವಿಮಾನ ಸೀದಾ ಓಡಿ ಬಂದು ನಿಂತ ಮ್ಯಾಲ ಎಲ್ಲರ ಮುಂದ ಹೇಳಬೇಕು ಅಂತ ಲೆಕ್ಕ ಹಾಕಿದ್ದೆ: ಇದು ಓಡಿದ್ದು ಉಚ್ಚೀರಪ್ಪನ ಆಯಿಲ್ಲಿನ ಮ್ಯಾಲ, ಬುಕ್ಕು ಓದಿದೋರು ಇನ್ನ ಮಾತಾಡ್ರಿ ನೋಡೋಣ. ಯರ್ರೆಪ್ಪ ಬೇವಿನ ಗಿಡದ ಕೆಳಗ ಟವೆಲ್ ಮುಚ್ಚಿಕೊಂಡು ಮಲಗಿದ್ದ. ಸಂಜಿಗೆ ಭಾಗ್ಯ ಬಂದು ಆಯಿಲ್ ತುಂಬಿದ್ದು ನೋಡಿ ಕೇಳಿದ್ಲು, "ಇಷ್ಟು ಜಲ್ದಿ ಸೀಸಿ ಬಂತಾ ಅಪ್ಪ?"

"ಬಂತು, ಬಸ್ಸಿನಾಗ ಹಾಕಿ ಕಳಿಸಿದ್ರು. ಹಾಕಿದೆ."

"ಕೆಂಪದೇನಾ?"

"ಕೆಂಪದೇ. ನಿಮ್ಮಪ್ಪ ಸುಳ್ಳು ಹೇಳ್ತಾನೇನು?"

ಆಕಿ ಮಾರಿ ಅರಳಿತು. ಹೊಡದಿದ್ದು ಮರತು ನನ್ನ ಭುಜಕ್ಕ ತಲಿ ತಾಗಿಸಿದ್ಲು. ಬಲಗಡಿ ಬ್ರೇಕು, ಕೆಂಪು ಆಯಿಲ್, ಅಪ್ಪ ಹಾಕಿದ್ದು, ಅಂತ ನೋಟ್‌ಬುಕ್ಕಿನಾಗ ಬರದ್ಲು.

ಎಂಟು ದಿನ ಬಿಟ್ಟು ಸೋಮವಾರ ಮುಂಜಾನಿ ವಿಮಾನ ಹೊರಗ ತಂದ್ವಿ. ತೆಂಗಿನಕಾಯಿ ಒಡದು, ವಿಭೂತಿ ಹಚ್ಚಿ, ಸಾವ್ಕಾರ್ರು ಒಬ್ಬರೇ ಹತ್ತಿ ಕುಂತ್ರು. ಮೊದಲನೇ ಸುತ್ತು ನಿಧಾನ, ಚಂದ ಹೋಗಿ ಬಂತು. ಭಾಗ್ಯ ಚಪ್ಪಾಳಿ ತಟ್ಟಿದ್ಲು. ಎರಡನೇ ಸುತ್ತು ಜೋರು. ಅರ್ಧ ದಾರಿ ಹೋಗಿತ್ತು, ಬಲಗಡಿ ಗಾಲಿಯಿಂದ ಹೊಗಿ ಬಂತು. ಸಾವ್ಕಾರ್ರು ಬ್ರೇಕ್ ತುಳದೇ ಇಲ್ಲ. ಅದೇ ತಾನೇ ಹಿಡೀತು, ಹಿಡದಿದ್ದು ಬಿಡಲಿಲ್ಲ. ವಿಮಾನ ಗರಕ್ಕನ ಬಲಕ್ಕ ತಿರುಗಿ, ಗಾಲಿ ಕೂಡಿಸಿದ್ದ ಕಾಲು ಮುರದು, ರೆಕ್ಕಿ ದಾರಿ ಬದಿ ಕಲ್ಲಿನ ಗುಡ್ಡಿಗೆ ಬಡೀತು. ಫ್ಯಾನು ಪುಡಿಪುಡಿ. ಸಾವ್ಕಾರ್ರ ಎಡಭುಜದ ಎಲುಬು ಮುರೀತು. ಮೂರು ವರ್ಷದ ಕೆಲಸ, ಮೂರು ಉಸಿರಿನಾಗ ಹೋತು.

ಮೂರನೇ ದಿನ ಸಾವ್ಕಾರ್ರು ಕೈಗೆ ಜೋಳಿಗಿ ಕಟ್ಟಿಕೊಂಡು ಗೋಡೌನಿಗೆ ಬಂದ್ರು. ಭಾಗ್ಯನ ಕಡಿಂದ ಬಲಗಡಿ ಬ್ರೇಕು ಬಿಚ್ಚಿಸಿದ್ರು. ಒಳಗಿನ ರಬ್ಬರು ಉಬ್ಬಿ ಕಚ್ಚಿಕೊಂಡು ಕುಂತಿತ್ತು, ಕಿತ್ತರೂ ಬರಲಿಲ್ಲ. ಆಯಿಲ್ಲನ್ನ ಒಂದು ಉಪ್ಪಿನಕಾಯಿ ಬಾಟಲಿಗೆ ಬಗ್ಗಿಸಿ ಮೇಜಿನ ಮ್ಯಾಲ ಇಟ್ಟರು. ಎಲ್ಲರೂ ನೋಡ್ತಾ ನೋಡ್ತಾ ಅದು ಎರಡಾತು. ಮ್ಯಾಲ ಕೆಂಪು, ಕೆಳಗ ಹಳದಿ, ಒಂದಕ್ಕೊಂದು ಕೂಡಲೇ ಇಲ್ಲ. ಭಾಗ್ಯ ಬಾಟಲಿ ನೋಡಿದ್ಲು, ಆಮ್ಯಾಲ ನನ್ನ ನೋಡಿದ್ಲು. ಆಕಿಗೆ ಆ ಗಳಿಗ್ಯಾಗ ಎಲ್ಲಾ ತಿಳೀತು.

"ಯಾರು ಹಾಕಿದ್ದು?" ಅಂದ್ರು ಸಾವ್ಕಾರ್ರು.

ಕುಂಬಳಕಾಯಿ ಕಳ್ಳ ಅಂದ್ರ ಹೆಗಲು ಮುಟ್ಟಿ ನೋಡ್ಕೊಂಡಂಗ, ನಾನೇ ಮೊದಲು ಬಾಯಿ ಬಿಟ್ಟೆ. "ನಂಗೇನು ಗೊತ್ತು? ಬುಕ್ಕು ಓದಿ ಎಲ್ಲಾ ಮಾಡೋಳು ಆಕಿ."

ಭಾಗ್ಯ ನೋಟ್‌ಬುಕ್ ತೆರದು ಮುಂದ ಇಟ್ಲು. "ಅಪ್ಪ ಹಾಕಿದ್ದು ಸರ್. ಕೆಂಪದು ಅಂತ ಹೇಳಿದ್ದ, ಹಂಗೇ ಬರದೀನಿ."

"ತಾನು ಮಾಡಿದ್ದನ್ನ ನನ್ನ ಹೆಸರಿಗೆ ಬರ್ಕೊಂಡಾಳ" ಅಂದೆ. ಹೆಂಗ ಅಂದೆನೋ, ಬಾಯಿ ತಾನೇ ಅಂತು. ಮೂವತ್ತೆರಡು ವರ್ಷದ ಹೆಸರು ಕಣ್ಣ ಮುಂದ ಬಂತು. ಅಡಕಿಗೆ ಹೋದ ಮಾನ ಆನಿ ಕೊಟ್ರೂ ಬರಲ್ಲ ಅಂತಾರಲ್ಲ. ನಾಳೆ ಯಾವ ಟ್ರಾಕ್ಟರಿನೋನು ನನ್ನ ಅಂಗಡಿ ಮುಂದ ನಿಲ್ತಾನ?

ಸಾವ್ಕಾರ್ರು ನೋಟ್‌ಬುಕ್ ಮುಚ್ಚಿದ್ರು. "ಕಾಗದದ ಮ್ಯಾಲ ಯಾರು ಏನು ಬೇಕಾದ್ರೂ ಬರೀಬೌದು. ಆಣಿ ಮಾಡು ಉಚ್ಚೀರಪ್ಪ. ಮಗಳ ತಲಿ ಮ್ಯಾಲ ಕೈ ಇಟ್ಟು ಹೇಳು, ನಾನು ಹಾಕಿಲ್ಲ ಅಂತ."

ನಮ್ಮ ಕಡೆ ಈ ಆಣಿ ಅಂದ್ರ ಹುಡುಗಾಟ ಅಲ್ಲ. ಸುಳ್ಳು ಹೇಳಿದ್ರ ಹೇಳಿದೋನಿಗೆ ಏನೂ ಆಗಲ್ಲ, ಯಾರ ತಲಿ ಮ್ಯಾಲ ಕೈ ಇಟ್ಟಾನೋ ಆ ಜೀವಕ್ಕ ತಟ್ಟತೈತಿ. ಚಿಪ್ಪಗಿರಿ ಕಡೆ ಒಬ್ಬ ಕುರಿ ಕದ್ದು, ಕದ್ದಿಲ್ಲ ಅಂತ ಮಗನ ತಲಿ ಮುಟ್ಟಿದ್ನಂತ, ವರ್ಷ ತುಂಬೋದ್ರಾಗ ಮಗನ್ನ ಮಣ್ಣಿಗಿಟ್ಟನಂತ. ಆ ಕಥಿ ಕೇಳಿ ಬೆಳದೋನೇ ನಾನೂ.

ಎಲ್ಲರೂ ನನ್ನ ನೋಡ್ತಿದ್ರು. ಎದ್ದು ಹೋಗಿ ಭಾಗ್ಯನ ತಲಿ ಮ್ಯಾಲ ಕೈ ಇಟ್ಟೆ. ಬಿಸಿಲಿಗೆ ಕೂದಲು ಬೆಚ್ಚಗಾಗಿತ್ತು. ಆಕಿ ಕಣ್ಣು ಮುಚ್ಚಲಿಲ್ಲ, ತಲಿ ಸರಿಸಲಿಲ್ಲ. "ನಾನು ಹಾಕಿಲ್ಲ" ಅಂದೆ.

ಹೈದರಾಬಾದಿನ ಕಾಗದ ಬರದು ತಯಾರಾಗಿ ಸಾವ್ಕಾರ್ರ ಜೇಬಿನಾಗೇ ಇತ್ತು. ಹೊರಗ ತಗದ್ರು. ಒಂದು ಕೈ ಜೋಳಿಗ್ಯಾಗ ಇತ್ತಲ್ಲ, ಕಾಗದದ ತುದಿ ಹಲ್ಲಿನಾಗ ಕಚ್ಚಿ ಹಿಡದು ಇನ್ನೊಂದು ಕೈಲೆ ಹರದ್ರು. ಒಂದು ಸಲ ಅಲ್ಲ, ನಾಕು ಸಲ. "ನಾಳೆಯಿಂದ ಹುಡುಗಿ ಬರೋದು ಬ್ಯಾಡ" ಅಂದ್ರು. ಭಾಗ್ಯ ನೋಟ್‌ಬುಕ್ಕನ್ನ ಅಲ್ಲೇ ಬಿಟ್ಟು ಚಪ್ಪಲಿ ಹಾಕ್ಕೊಂಡ್ಲು.

ಮನಿ ಮುಂದ ಆಟೋ ಇಳದ ಮ್ಯಾಲ ಆಕಿ ಅಂದ್ಲು, "ಕೈ ನಡುಗಲೇ ಇಲ್ಲ ನೋಡಪ್ಪ ನಿಂದು." ಒಳಗ ಹೋದ್ಲು.

ಬೈತಾಳ, ಅಳತಾಳ, ಅವರವ್ವಗ ಹೇಳ್ತಾಳ ಅಂತ ಕಾದೆ. ಯಾವುದೂ ಇಲ್ಲ. ಮರುದಿನ ಮುಂಜಾನಿ ಚಾ ತಂದು ಮುಂದ ಇಟ್ಟು, ಮೆಲ್ಲಕ ಅಂದ್ಲು, "ಅಪ್ಪ, ತಲಿ ನೋಯಕತ್ತೈತಿ."

"ಎಲ್ಲಿ?"

"ನೀ ಕೈ ಇಟ್ಟಿದ್ಯಲ್ಲ, ಅಲ್ಲೇ."

ನನ್ನ ಕೈಯಾಗಿನ ಲೋಟ ಜಾರಿ ಬಿತ್ತು. ಆಕಿ ಬಟ್ಟಿ ತಂದು ಒರಸಿ ಹೋದ್ಲು. ಮಾರನೇ ದಿನಾನೂ ಅದೇ ಚಾ, ಅದೇ ಮಾತು. ಅದರ ಮಾರನೇ ದಿನಾನೂ. ನನ್ನ ಹೆಂಡ್ತಿ ಉಚ್ಚಮ್ಮಗ ಆಣಿ ವಿಷಯ ಗೊತ್ತಿಲ್ಲ. ಪಾಪ, ಶುಂಠಿ ತೇದು ಹಣಿಗೆ ಹಚ್ಚಿದ್ಲು, ಉಪ್ಪು ಮೆಣಸಿನಕಾಯಿ ಇಳಿಸಿ ಒಲಿಗೆ ಹಾಕಿದ್ಲು. ನಾನು ಮೊದಲು ಆದೋನಿ ಡಾಕ್ಟರ ಹತ್ರ ಕರ್ಕೊಂಡು ಹೋದೆ, ಆಮ್ಯಾಲ ಕರ್ನೂಲಿಗೆ ಹೋಗಿ ಸ್ಕ್ಯಾನು ಮಾಡಿಸಿದೆ. ಏನೂ ಇಲ್ಲ, ಕಣ್ಣೂ ಚಲೋ ಅದಾವ ಅಂದ್ರು. ಬಸ್ಸಿನಾಗ ವಾಪಸ್ ಬರುವಾಗ ಆಕಿ ಕಿಟಕಿ ಹೊರಗ ನೋಡ್ತಾ, "ಮಷೀನಿಗೆ ಕಾಣೋ ನೋವಲ್ಲಪ್ಪ ಇದು" ಅಂದ್ಲು.

ಖರೇನೋ ಸುಳ್ಳೋ ಹೆಂಗ ಹೇಳ್ಲಿ? ಬ್ರೇಕ್ ಆಯಿಲ್ ಆಗಿದ್ರ ನಾಲಗಿಗೆ ಹಚ್ಚಿ ಹೇಳ್ತಿದ್ದೆ. "ಸುಳ್ಳು ಹೇಳಬ್ಯಾಡ ಲೇ" ಅಂತ ಒದರೋಣ ಅಂದ್ರ ಯಾವ ಬಾಯಿಲೆ ಒದರ್ಲಿ? ನಾನು ದೇವ್ರು ದಿಂಡ್ರು ಅಂತ ಕುಂದ್ರೋನಲ್ಲ. ಆದ್ರ ಆಕಿ ಬಾವಿ ಕಡೆ ಹೋದ್ರ ಹಿಂದ ಹೋಗಿ ನಿಲ್ತಿದ್ದೆ. ಸಂತಿಗೆ ಹೋದ ಬಸ್ಸು ಅರ್ಧ ತಾಸು ತಡ ಆದ್ರ ಬಸ್‌ಸ್ಟ್ಯಾಂಡಿಗೆ ಓಡ್ತಿದ್ದೆ. ಅಂಗಡ್ಯಾಗ ಕೈ ಸೋತು ಹೋತು. ಒಂದಿನ ಒಂದು ಜೀಪಿನ ಬ್ರೇಕಿನ ನಟ್ಟು ಬಿಗಿ ಮಾಡೋದೇ ಮರತೆ. ಡ್ರೈವರ್ರು ತಾನೇ ನೋಡ್ಕೊಂಡ, ಅದಕ್ಕ ಉಳದ. ಉಳದು ಬಂದು ನನ್ನ ಕೊರಳಪಟ್ಟಿ ಹಿಡದು ನಾಕು ಮಂದಿ ಮುಂದ ಉಗುದ.

ಆರು ತಿಂಗಳು ತಡಕೊಂಡೆ. ಕೆಟ್ಟ ಮ್ಯಾಲ ಬುದ್ಧಿ ಬಂತು, ಅಟ್ಟ ಮ್ಯಾಲ ಒಲಿ ಉರೀತು. ಒಂದಿನ ಮುಂಜಾನಿ ಆಕಿ ಚಾ ಇಟ್ಟು ಅದೇ ಮಾತು ಅಂದ್ಲು. ಚಾ ಕುಡೀಲಾರದೇ ಎದ್ದು ಸೀದಾ ಗೋಡೌನಿಗೆ ಹೋದೆ. ಗೋಡೌನಿನ ತುಂಬ ಹತ್ತಿ ಒಟ್ಟಿದ್ರು. ಸಾವ್ಕಾರ್ರು ಕುರ್ಚಿ ಹಾಕ್ಕೊಂಡು ಕುಂತಿದ್ರು. ಕಾಲು ಹಿಡದೆ.

"ಆ ಆಯಿಲ್ ನಾನೇ ಹಾಕಿದ್ದು ಸಾವ್ಕಾರ್ರೆ. ಆಕಿದು ಏನೂ ತಪ್ಪಿಲ್ಲ. ಸುಳ್ಳು ಆಣಿ ಮಾಡಿದೆ."

"ಗೊತ್ತು" ಅಂದ್ರು.

ತಲಿ ಎತ್ತಿ ನೋಡಿದೆ.

"ಎಲುಬು ಮುರದ ದಿನ ಸಂಜೀಗೇ ಯರ್ರೆಪ್ಪ ಆಸ್ಪತ್ರಿಗೆ ಬಂದು ಹೇಳಿದ್ದ. ನೀ ಡಬ್ಬಿ ತಂದು ಹುಯ್ದಿದ್ದು ಗಿಡದ ಕೆಳಗ ಮಲಗಿ ನೋಡ್ಯಾನ."

"ಮತ್ತ ಆಣಿ ಯಾಕ ಮಾಡಿಸಿದ್ರಿ?"

"ಮಗಳ ತಲಿ ಮ್ಯಾಲ ಕೈ ಇಡ್ತಿಯೋ ಇಲ್ಲೋ ನೋಡೋಣ ಅಂತ ಕೇಳಿದೆ. ನನ್ನ ಮೂರು ವರ್ಷ ಹಾಳು ಮಾಡಿದೋನು ಕಾಲಿಗೆ ಬಿದ್ದು ಒಪ್ಕೋತಾನ ಅಂತ ಅಂದ್ಕೊಂಡಿದ್ದೆ. ನೀ ಇಟ್ಟುಬಿಟ್ಟಿ! ನೀನೇ ಆಕಿನ್ನ ಕಳಕೊಂಡ ಮ್ಯಾಲ ನಾನ್ಯಾಕ ಉಳಿಸ್ಲಿ?" ಸಾವ್ಕಾರ್ರು ನಕ್ಕರು. ಖುಷಿಯಿಂದನೇ ನಕ್ಕರು.

"ಈಗ ಬರ್ದು ಕೊಡ್ರಿ ಸಾವ್ಕಾರ್ರೆ. ನಿಮ್ಮ ಮನಿ ಜೀತ ಮಾಡ್ತೀನಿ."

"ಆ ಶಾಲ್ಯಾಗ ಈ ವರ್ಷ ಸೇರ್ಸೋದು ಮುಗದು ಹೋತು. ಮುಂದಿನ ವರ್ಷಕ್ಕ ಅವರು ಇಟ್ಟಿರೋ ವಯಸ್ಸು ಆಕಿ ದಾಟತಾಳ. ಏಳು, ಹೋಗು." ನಾನು ಬಾಗಿಲ ತನಕ ಬಂದಿದ್ದೆ, ಹಿಂದಿನಿಂದ ಕರದು ಅಂದ್ರು, "ನನ್ನ ಜೀಪಿನ ಬ್ರೇಕ್ ಯಾಕೋ ಕೂಗತೈತಿ, ಬಿಡುವಾದಾಗ ನೋಡು ಬಾ."

ಮನಿಗೆ ಬಂದೆ. ಹೊತ್ತು ನೆತ್ತಿಗೆ ಬಂದಿತ್ತು. ಉಚ್ಚಮ್ಮ ಹೊಲಕ್ಕ ಹೋಗಿದ್ಲು. ಭಾಗ್ಯ ಪಡಸಾಲ್ಯಾಗ ಮೊರ ಹಿಡ್ಕೊಂಡು ಅಕ್ಕಿ ಆರಸಕತ್ತಿದ್ಲು. ಎದುರಿಗೆ ಕುಂತು ಎಲ್ಲಾ ಹೇಳಿದೆ. ಖರೇ ಒಪ್ಕೊಂಡಿದ್ದು, ಸಾವ್ಕಾರ್ರಿಗೆ ಮೊದಲೇ ಗೊತ್ತಿದ್ದಿದ್ದು, ವಯಸ್ಸು ದಾಟೋದು, ಒಂದೂ ಮುಚ್ಚಿಡಲಿಲ್ಲ. ಆಕಿ ಕೈ ನಿಲ್ಲಿಸದೇ ಕೇಳಿದ್ಲು. ಒಂದು ಕಲ್ಲು ಸಿಕ್ತು, ತಗದು ಅಂಗಳಕ್ಕ ಒಗದ್ಲು.

"ತಪ್ಪಾತವ್ವ" ಅಂದೆ. ಹುಟ್ಟಿದಾಗಿನಿಂದ ಆಕಿಗೆ ಅಂದಿರದ ಮಾತು ಅದು. "ಇನ್ನ ನನ್ನ ಹತ್ರ ಸುಳ್ಳು ಅನ್ನೋದು ಒಂದೂ ಉಳದಿಲ್ಲ. ನೀನೂ ಖರೇ ಹೇಳು ತಾಯಿ. ನಿನ್ನ ತಲಿ ನೋಯತೈತೋ ಇಲ್ಲೋ?"

ಆಕಿ ಮೊರ ಕೆಳಗಿಟ್ಟು ನನ್ನ ಮಾರಿ ನೋಡಿದ್ಲು. ಸಿಟ್ಟಿಲ್ಲ, ದುಃಖ ಇಲ್ಲ. ಗಾಡಿ ಬ್ರೇಕ್ ಬಿಚ್ಚಿ ನಾನು ಒಳಗಿನ ರಬ್ಬರು ನೋಡ್ತೀನಲ್ಲ, ಹಂಗ ನೋಡಿದ್ಲು.

"ನಾಳೆ ಮುಂಜಾನಿ ಹೇಳ್ತೀನಿ ಅಪ್ಪ" ಅಂದು, ಮೊರ ಎತ್ತಿಕೊಂಡು ಒಳಗ ಹೋದ್ಲು.